‘ಎಲ್ಲಿಂದಲೋ ಬಂದ’ ಎಡೆರ್: ನಿಮ್ಮ ಲೇಖನಕ್ಕೆ ಉತ್ತರ

ನಮಸ್ಕಾರ.

2016ರ ಯುರೋಪ್ ಫುಟ್‌ಬಾಲ್ ಕಪ್ (ಯೂರೊ) ಫೈನಲ್‌ನಲ್ಲಿ ಫ್ರಾನ್ಸ್ ವಿರುದ್ಧ ಗೆಲುವಿನ ಗೋಲು ಹೊಡೆದ ಪೋರ್ಚುಗಲ್‌ನ ಸ್ಟ್ರೈಕರ್ ಎಡೆರ್ ಬಗ್ಗೆ ನೀವು ಕಳಿಸಿದ ‘ಎಲ್ಲಿಂದಲೋ ಬಂದವನು’ ಓದಿದೆ. ಭಾಷೆ ಸರಾಗವಾಗಿದೆ, ಕಾಗುಣಿತದ ತಪ್ಪಿಲ್ಲ. ಎಲ್ಲರೂ ರೊನಾಲ್ಡೊ ಹಿಂದೆ ಬಿದ್ದಿರುವಾಗ ನೀವು ಇವನನ್ನು ಆರಿಸಿದ್ದು ಖುಷಿಯಾಯಿತು. ಹೊಗಳಿಕೆ ಇಷ್ಟು ಸಾಕು. ನಿನ್ನೆ ರಾತ್ರಿಯಿಂದ ನಿಮ್ಮ ಒಂದೆರಡು ವಾಕ್ಯ ನನ್ನ ತಲೆ ತಿನ್ನುತ್ತಿವೆ. ಅವುಗಳ ಬಗ್ಗೆ ಮಾತ್ರ ಬರೆಯುತ್ತೇನೆ.

ಮೊದಲನೆಯದು ಎರಡನೇ ಪುಟದಲ್ಲಿದೆ. ‘ಎರಡನೇ ದರ್ಜೆಯ ಲೀಗ್‌ನಲ್ಲಿ ಕೆಲಕಾಲ ಕಷ್ಟಪಟ್ಟ ಎಡೆರ್ ಕೊನೆಗೂ ಅದೃಷ್ಟದ ಬಾಗಿಲು ತಟ್ಟಿದ.’

‘ಎರಡನೇ ದರ್ಜೆ.’ ನೀವು ಪೋರ್ಚುಗಲ್‌ನ ಸೆಗುಂಡಾ ದಿವಿಸಾವ್ ಅನ್ನೋ ಲೀಗ್‌ನ ಹೆಸರು ನೋಡಿದ್ದೀರಿ. ಸೆಗುಂಡಾ ಅಂದರೆ ಎರಡನೆಯದು, ಸರಿ. ಆದರೆ ಅವನು ಆಡುತ್ತಿದ್ದ ಕಾಲಕ್ಕೆ ಅದು ಮೂರನೇ ಹಂತದ ಲೀಗ್. 1990ರಲ್ಲಿ ಮೇಲೊಂದು ಹೊಸ ಹಂತ ತೂರಿಸಿದರು. ಅದಕ್ಕೆ ಮುಂದೆ ಲೀಗಾ ದ ಓನ್ರಾ, ಅಂದರೆ ಗೌರವದ ಲೀಗ್, ಅಂತ ಹೆಸರಾಯಿತು. ಹಳೇ ಎರಡನೇ ಡಿವಿಷನ್ ಒಂದು ಮೆಟ್ಟಿಲು ಕೆಳಗಿಳಿಯಿತು, ಹೆಸರಿನಲ್ಲಿ ಮಾತ್ರ ‘ಎರಡು’ ಉಳಿದುಕೊಂಡಿತು. (2021ರಲ್ಲಿ ಲೀಗಾ 3 ಶುರುವಾದ ಮೇಲೆ ಮೂರನೆಯದಕ್ಕೆ ಮೂರು ಅನ್ನೋ ನಂಬರೇ ಬಂದಿದೆ. ನಮ್ಮಂಥವರ ಪುಣ್ಯ.)

‘ಕೆಲಕಾಲ.’ ಎಲ್ಲಿ? ಎಷ್ಟು ಕಾಲ? ಅವನು 2008ರವರೆಗೆ ಆಡಿದ್ದು ಟೂರಿಜೆನ್ಸ್ ಅನ್ನೋ ಕ್ಲಬ್‌ಗೆ. ಟೂರಿಜ್ ಕೊಯಿಂಬ್ರಾ ಜಿಲ್ಲೆಯ ಒಂದು ಸಣ್ಣ ಊರು. ಗಿನಿ ಬಿಸಾವ್‌ನಲ್ಲಿ ಹುಟ್ಟಿ, ಚಿಕ್ಕವನಿದ್ದಾಗಲೇ ಪೋರ್ಚುಗಲ್‌ಗೆ ಬಂದು, ಕೊಯಿಂಬ್ರಾದ ಮಕ್ಕಳ ವಸತಿಗೃಹದಲ್ಲಿ ಬೆಳೆದ ಹುಡುಗ ಅವನು. ಆ ಸಣ್ಣ ಊರಿನ ತಂಡದಿಂದ, 20ನೇ ವಯಸ್ಸಿಗೆ, ನೇರವಾಗಿ ಕೊಯಿಂಬ್ರಾದ ಅಕಾಡೆಮಿಕಾಕ್ಕೆ ಹೋದ. ವಿದ್ಯಾರ್ಥಿಗಳ ಕ್ಲಬ್ ಅಂತ ಹೆಸರಾದ, ಕಪ್ಪು ಜೆರ್ಸಿಯ ತಂಡ. ಆಗ ಅದು ಮೊದಲ ದರ್ಜೆಯಲ್ಲಿತ್ತು. ಅಂದರೆ ಜಿಲ್ಲೆ ದಾಟದೆ ಎರಡು ಮೆಟ್ಟಿಲು ಒಟ್ಟಿಗೆ ಹಾರಿದ್ದಾನೆ. ‘ಎರಡನೇ ದರ್ಜೆ’ ಅಂತ ಬರೆದು ನೀವು ಅದರಲ್ಲಿ ಒಂದು ಮೆಟ್ಟಿಲು ಕದ್ದುಬಿಟ್ಟಿರಿ!

‘ಅದೃಷ್ಟದ ಬಾಗಿಲು’ ಬಗ್ಗೆ ನಾನು ಮಾತಾಡಲ್ಲ.

ನಾನು ಪತ್ರಿಕೆ ಸೇರಿದ ಹೊಸದರಲ್ಲಿ ಬೆಂಗಳೂರಿನ ಫುಟ್‌ಬಾಲ್ ಸ್ಟೇಡಿಯಂಗೆ ಒಂದು ಕೆಳ ಡಿವಿಷನ್ ಪಂದ್ಯ ನೋಡಲು ಕಳಿಸಿದ್ದರು. ಮಟಮಟ ಮಧ್ಯಾಹ್ನ. ವಾಪಸ್ ಬಂದು ‘ಪ್ರೇಕ್ಷಕರು ಹುಚ್ಚೆದ್ದು ಕುಣಿದರು’ ಅಂತ ಬರೆದೆ. ಕ್ರೀಡಾ ಪುಟ ನೋಡುತ್ತಿದ್ದ ಹಿರಿಯರು ಕನ್ನಡಕ ಹಣೆಗೇರಿಸಿ ಕೇಳಿದರು, ‘ಎಷ್ಟು ಜನ ಇದ್ರಪ್ಪಾ?’

‘ಒಂದು ನಲವತ್ತು ಜನ ಸಾರ್.’

‘ಅದರಲ್ಲಿ ಕುಣಿದವರು?’

ನೆನಪು ಮಾಡಿಕೊಂಡು ಹೇಳಿದೆ. ‘ಗೋಲ್ ಹೊಡೆದವನ ಅಣ್ಣ ಸಾರ್. ಟಿಫಿನ್ ಡಬ್ಬಿ ಬಡೀತಾ ಇದ್ದ.’

‘ಮತ್ತೆ ಅದನ್ನ ಯಾಕೆ ಬಿಟ್ಟೆ?’

ಮಾರನೇ ದಿನ ಎರಡಿಂಚಿನ ಸುದ್ದಿಯಲ್ಲಿ ಅಣ್ಣ ಇದ್ದ, ಡಬ್ಬಿಯೂ ಇತ್ತು. ನನ್ನ ಹೆಸರಿರಲಿಲ್ಲ. ಒಂದು ವಾರ ಅವರ ಜೊತೆ ಸರಿಯಾಗಿ ಮಾತಾಡಲಿಲ್ಲ ನಾನು.

ಇನ್ನೊಂದು ವಾಕ್ಯ, ನೀವು ಜಾಸ್ತಿ ಪ್ರೀತಿಯಿಂದ ಬರೆದದ್ದು. ‘ಯಾರೂ ಹೆಸರೇ ಕೇಳಿರದ ಎಡೆರ್ ಎಲ್ಲಿಂದಲೋ ಬಂದು, ಗಗನಕ್ಕೆ ಚಿಮ್ಮಿದ ಸಿಡಿಲಿನಂಥ ಹೊಡೆತದಿಂದ ಫ್ರಾನ್ಸ್ ಕನಸನ್ನು ಸುಟ್ಟುಹಾಕಿದ.’

ಸಿಡಿಲು ಗಗನಕ್ಕೆ ಚಿಮ್ಮುತ್ತಾ? ಇರಲಿ. 2016ರ ಯೂರೊ ಫೈನಲ್, ಜುಲೈ 10, 109ನೇ ನಿಮಿಷ. ವಿಡಿಯೊ ಇನ್ನೊಮ್ಮೆ ನೋಡಿ. ಮೈಮೇಲೆ ಬಿದ್ದ ಫ್ರಾನ್ಸ್‌ನ ಡಿಫೆಂಡರ್ ಕೊಸಿಯೆಲ್ನಿಯನ್ನು ತಡೆದುಕೊಂಡು, ಪೆನಾಲ್ಟಿ ಜಾಗದ ಹೊರಗಿನಿಂದಲೇ ಬಲಗಾಲಲ್ಲಿ ಹೊಡೆಯುತ್ತಾನೆ. ಚೆಂಡು ತಗ್ಗಿನಲ್ಲೇ ಹೋಗಿ ಮೂಲೆ ಸೇರುತ್ತೆ. ಗಗನಕ್ಕೂ ಅದಕ್ಕೂ ಸಂಬಂಧವೇ ಇಲ್ಲ.

‘ಯಾರೂ ಹೆಸರೇ ಕೇಳಿರದ’ ಅನ್ನೋದಂತೂ ಶುದ್ಧ ತಪ್ಪು. 2012ರಿಂದ ಅವನು ದೇಶಕ್ಕೆ ಆಡುತ್ತಿದ್ದ. 2014ರ ವಿಶ್ವಕಪ್‌ನಲ್ಲೂ ಆಡಿದ್ದ. ದೇಶಕ್ಕಾಗಿ ಮೊದಲ ಗೋಲು ಬಂದದ್ದು 2015ರ ಜೂನ್‌ನಲ್ಲಿ, ಇಟಲಿ ಎದುರಿನ ಸೌಹಾರ್ದ ಪಂದ್ಯದಲ್ಲಿ. ಸ್ಟ್ರೈಕರ್ ಒಬ್ಬನಿಗೆ ಹತ್ತಿರ ಹತ್ತಿರ ಮೂರು ವರ್ಷ! ಅದೇ ವರ್ಷ ವೇಲ್ಸ್‌ನ ಸ್ವಾನ್ಸಿ ಕ್ಲಬ್ ಸೇರಿದ, ಅಲ್ಲಿ ಒಂದೇ ಒಂದು ಗೋಲು ಹೊಡೆಯಲಿಲ್ಲ, ಲೋನ್ ಮೇಲೆ ಫ್ರಾನ್ಸ್‌ನ ಲೀಲ್‌ಗೆ ಕಳಿಸಿಬಿಟ್ಟರು. ಪೋರ್ಚುಗಲ್‌ನವರಿಗೆ ಅವನು ಚೆನ್ನಾಗಿ ಗೊತ್ತಿದ್ದ. ಗೊತ್ತಿದ್ದೇ ಬೇಡ ಅಂದಿದ್ದರು. ‘ಇವನನ್ನ ಯಾಕೆ ತಗೊಂಡ್ರು’ ಅಂತ ಗೊಣಗಿದ್ದರು. ರೊನಾಲ್ಡೊ ಮೊದಲರ್ಧದಲ್ಲೇ ಗಾಯವಾಗಿ ಹೊರಗೆ ಹೋಗಿದ್ದ. 79ನೇ ನಿಮಿಷದಲ್ಲಿ ಮೈದಾನಕ್ಕಿಳಿದದ್ದು ಇವನು. ಆ ಗೊಣಗಾಟ ನಿಮ್ಮ ಲೇಖನದಲ್ಲಿ ಎಲ್ಲೂ ಇಲ್ಲ. ಅದಿಲ್ಲದೆ ಈ ಗೋಲಿಗೆ ಏನು ತೂಕ?

ಮುಂದೆ ಅವನು ಸೇರಿದ ಮಾಸ್ಕೋ ಕ್ಲಬ್‌ನ ಭಾಗ ಹಾಗೇ ಇರಲಿ. ಎರಡನೇ ಪುಟ ಪೂರ್ತಿ ಹೊಸದಾಗಿ ಬರೆಯಿರಿ, ಟೂರಿಜ್‌ಗೆ ಕಡೇಪಕ್ಷ ಅರ್ಧ ಪುಟ ಕೊಡಿ. ಫೈನಲ್ ಅನ್ನು ಮೂರು ಪುಟದಿಂದ ಒಂದಕ್ಕೆ ಇಳಿಸಿ. ಶೀರ್ಷಿಕೆ ನಾನೇ ಬದಲಾಯಿಸುತ್ತೇನೆ, ಅದಕ್ಕೆ ಜಗಳ ಬೇಡ. ಹದಿನೈದನೇ ತಾರೀಖಿನೊಳಗೆ ಬಂದರೆ ಮುಂದಿನ ಸಂಚಿಕೆಗೆ ಹಾಕಬಹುದು.