ಗ್ಯಾಸ್ ಮಾತ್ರೆ ಬಿಡಿ, ಬಾಯಿ ತೋರಿಸಿ

ದಾವಣಗೆರೆಯ ಓದುಗರೊಬ್ಬರು ಬರೆದಿದ್ದಾರೆ: "ನಮ್ಮನೆಯವರಿಗೆ 52 ವರ್ಷ. ಬಟ್ಟೆ ಅಂಗಡಿ ಇದೆ. ಎರಡು ವರ್ಷದಿಂದ ಅವರ ಬಾಯಿ ತುಂಬಾ ವಾಸನೆ. ಒಮ್ಮೆ ಮೆಲ್ಲಗೆ ಹೇಳಿದ್ದಕ್ಕೆ 'ಹೊಟ್ಟೆ ಉಷ್ಣ' ಅಂದರು. ಮೆಡಿಕಲ್ ಶಾಪಿಂದ ಗ್ಯಾಸ್ ಮಾತ್ರೆ ತಂದು ನುಂಗುತ್ತಿದ್ದಾರೆ. ಬಿಪಿ ಮಾತ್ರೆಯೂ ಇದೆ. ಊಟವಾದ ಮೇಲೆ ಎಲೆ ಅಡಿಕೆ ಬೇಕೇ ಬೇಕು. ಹಲ್ಲುಜ್ಜುವಾಗ ರಕ್ತ ಬರುತ್ತದೆ, ಕ್ಲೀನ್ ಮಾಡಿಸಿ ಅಂದರೆ ಹಲ್ಲು ಸಡಿಲ ಆಗುತ್ತೆ ಅಂತ ಹೆದರುತ್ತಾರೆ. ಮಗಳು ಪಕ್ಕದಲ್ಲಿ ಕೂತರೆ ಮುಖ ತಿರುಗಿಸುತ್ತಾಳೆ. ಯಾವ ಔಷಧ ಕೊಡಲಿ? ಅವರಿಗೆ ಹೇಗೆ ಹೇಳಲಿ?"

ಪ್ರಿಯ ಓದುಗರೇ,

ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತಿದ್ದು ರಕ್ತದ ಮಾತಿನ ಮೇಲೆ. ಉತ್ತರದ ಮುಕ್ಕಾಲು ಪಾಲು ಅಲ್ಲೇ ಇದೆ.

ಬಾಯಿ ವಾಸನೆ ಅಂದ ತಕ್ಷಣ ನಮ್ಮಲ್ಲಿ ಎಲ್ಲರೂ ಹೊಟ್ಟೆ ಹಿಡಿದುಕೊಳ್ಳುತ್ತಾರೆ. ಆದರೆ ಈ ತೊಂದರೆ ಇರುವ 100 ಜನರಲ್ಲಿ 80ರಿಂದ 90 ಜನರಿಗೆ ಅದು ಹುಟ್ಟುವುದು ಬಾಯಲ್ಲೇ. ಅನ್ನನಾಳ ಸದಾ ತೆರೆದಿರುವ ಕೊಳವೆಯಲ್ಲ. ನುಂಗುವಾಗ, ತೇಗುವಾಗ ಮಾತ್ರ ತೆರೆದುಕೊಳ್ಳುತ್ತದೆ. ಹುಳಿತೇಗು ಜೋರಾಗಿ ಇರುವವರಲ್ಲಿ ಹೊಟ್ಟೆಯ ಪಾಲೂ ಸ್ವಲ್ಪ ಇರಬಹುದು. ಆದರೆ ಒಸಡಿನಲ್ಲಿ ರಕ್ತ ಬರುವ ನಿಮ್ಮ ಯಜಮಾನರು ಮೊದಲು ನೋಡಬೇಕಾದ್ದು ಹಲ್ಲಿನ ಡಾಕ್ಟರನ್ನು. ಡಾಕ್ಟರ್ ಹೇಳದೆ ತಾವೇ ಶುರು ಮಾಡಿದ ಗ್ಯಾಸ್ ಮಾತ್ರೆ ಇದಕ್ಕೆ ಮದ್ದಲ್ಲ.

ಬಾಯಲ್ಲಿ ನಡೆಯುವುದು ಇಷ್ಟು. ಹಲ್ಲಿನ ಸಂದಿಯಲ್ಲಿ ಉಳಿದ ಅನ್ನದ ಅಗುಳು, ಉದುರಿದ ಚರ್ಮದ ಕಣ, ಒಸಡಿನ ರಕ್ತ, ಇವುಗಳಲ್ಲಿರುವ ಪ್ರೋಟೀನನ್ನು ಬ್ಯಾಕ್ಟೀರಿಯಾಗಳು ತಿನ್ನುತ್ತವೆ. ಆಗ ಗಂಧಕ ಬೆರೆತ ಅನಿಲಗಳು ಹೊರಬರುತ್ತವೆ. ಅದರಲ್ಲಿ ಮುಖ್ಯವಾದದ್ದು ಹೈಡ್ರೋಜನ್ ಸಲ್ಫೈಡ್, ಕೊಳೆತ ಮೊಟ್ಟೆಯಿಂದ ಬರುವುದೂ ಇದೇ. ಈ ಬ್ಯಾಕ್ಟೀರಿಯಾಗಳಿಗೆ ಗಾಳಿ ಆಗಿಬರುವುದಿಲ್ಲ. ಹಾಗಾಗಿ ಎರಡು ಕಡೆ ಅಡಗಿರುತ್ತವೆ: ಒಸಡು ಹಲ್ಲನ್ನು ಬಿಟ್ಟುಕೊಟ್ಟ ಆಳದ ಸಂದಿಯಲ್ಲಿ, ಮತ್ತು ನಾಲಿಗೆಯ ಹಿಂಭಾಗದಲ್ಲಿ.

ಕನ್ನಡಿ ಮುಂದೆ ನಿಂತು ನಾಲಿಗೆ ಪೂರ್ತಿ ಚಾಚಿ ನೋಡಲು ಹೇಳಿ. ತುದಿ ಕೆಂಪಗಿರುತ್ತದೆ. ಹಿಂದೆ, ಗಂಟಲ ಹತ್ತಿರ, ಬೆಳ್ಳಗೆ ಅಥವಾ ಹಳದಿಯಾಗಿ ಒಂದು ಪದರ ಕೂತಿರುತ್ತದೆ. ಚಮಚದ ಬೆನ್ನಿನಿಂದ ಅದನ್ನು ಮೆಲ್ಲಗೆ ಎಳೆದು, ಅರ್ಧ ನಿಮಿಷ ಬಿಟ್ಟು ಮೂಸಿದರೆ ಯಾರೂ ಹೇಳಬೇಕಿಲ್ಲ, ಅವರಿಗೇ ಗೊತ್ತಾಗುತ್ತದೆ. ನಮ್ಮಲ್ಲಿ ಬಹಳ ಜನ ನಾಲಿಗೆ ಉಜ್ಜುತ್ತಾರೆ, ಆದರೆ ಮುಂದಿನ ಅರ್ಧ ಮಾತ್ರ. ಸ್ವಲ್ಪ ಓಕರಿಕೆ ಬರುತ್ತೆ ಅಂತ ಹಿಂದಕ್ಕೆ ಹೋಗುವುದಿಲ್ಲ. ಉಸಿರು ಹೊರಬಿಡುತ್ತಾ ಎಳೆದರೆ ಓಕರಿಕೆ ಕಡಿಮೆ.

ಇನ್ನು ಕ್ಲೀನಿಂಗ್ ವಿಷಯ. ಇದನ್ನು ಸ್ವಲ್ಪ ಜೋರಾಗಿಯೇ ಹೇಳಬೇಕು, ಏಕೆಂದರೆ ಈ ಭಯದಿಂದಲೇ ಎಷ್ಟೋ ಜನ ಹಲ್ಲು ಕಳೆದುಕೊಳ್ಳುತ್ತಿದ್ದಾರೆ. ಕ್ಲೀನ್ ಮಾಡಿಸಿದ್ದರಿಂದ ಹಲ್ಲು ಸಡಿಲ ಆಗುವುದಿಲ್ಲ. ಹಲ್ಲಿನ ಬುಡದಲ್ಲಿ ಪಾಚಿ ಗಟ್ಟಿಯಾಗಿ ಕಲ್ಲಿನಂತಾಗಿರುತ್ತದೆ, ಅದು ಬ್ರಷ್‌ಗೆ ಬಗ್ಗುವುದಿಲ್ಲ. ಅದು ಇರುವವರೆಗೂ ಒಸಡು ಊದಿರುತ್ತದೆ, ಒಳಗೆ ಮೂಳೆ ನಿಧಾನವಾಗಿ ಕರಗುತ್ತಿರುತ್ತದೆ. ಕಲ್ಲು ತೆಗೆದಾಗ ಊತ ಇಳಿಯುತ್ತದೆ, ಅಲ್ಲಿಯವರೆಗೆ ಮುಚ್ಚಿಹೋಗಿದ್ದ ಸಂದಿ ನಾಲಿಗೆಗೆ ಸಿಗುತ್ತದೆ. ಕೆಲವು ದಿನ ಜುಮ್ಮೆನ್ನುವುದೂ ಉಂಟು. ಅದನ್ನೇ ಜನ "ಕ್ಲೀನ್ ಮಾಡಿಸಿ ಹಲ್ಲು ಕೆಟ್ಟಿತು" ಅನ್ನುವುದು. ಹಲ್ಲು ಅಲ್ಲಾಡುತ್ತಿದ್ದರೆ ಅದು ಕರಗಿದ ಮೂಳೆಯಿಂದ, ಡಾಕ್ಟರ್ ಕೈಯಿಂದಲ್ಲ. ನಿಮ್ಮೂರಲ್ಲೇ ಎರಡು ದಂತ ಕಾಲೇಜುಗಳಿವೆ. ಪುಣ್ಯಕ್ಕೆ ನೀವು ಬೇರೆ ಊರಿಗೆ ಓಡಾಡಬೇಕಿಲ್ಲ.

ಬಿಪಿ ಮಾತ್ರೆಯ ಚೀಟಿಯನ್ನೂ ಜೊತೆಗೆ ಒಯ್ಯಿರಿ. ಕೆಲವು ಬಿಪಿ ಮಾತ್ರೆಗಳು ಬಾಯಿ ಒಣಗಿಸುತ್ತವೆ. ಅಮ್ಲೋಡಿಪಿನ್ ತೆಗೆದುಕೊಳ್ಳುವ ಕೆಲವರಿಗೆ ಒಸಡು ಬೆಳೆದು ಹಲ್ಲಿನ ಮೇಲೆ ಬರುತ್ತದೆ. ಹಾಗಂತ ಮಾತ್ರೆಯನ್ನು ತಾವಾಗಿ ನಿಲ್ಲಿಸಬಾರದು. ಬಾಯಿ ತೊಳೆಯುವುದು ಎಂಜಲಿನ ಕೆಲಸ. ರಾತ್ರಿ ಅದು ಕಡಿಮೆಯಾಗುವುದರಿಂದಲೇ ಬೆಳಗ್ಗೆ ಎಲ್ಲರ ಬಾಯೂ ವಾಸನೆ. ಗಿರಾಕಿಗಳ ಜೊತೆ ದಿನವಿಡೀ ಮಾತಾಡುವವರು ನೀರಿನ ಬಾಟಲಿಯನ್ನು ಗಲ್ಲಾಪೆಟ್ಟಿಗೆಯ ಪಕ್ಕದಲ್ಲೇ ಇಟ್ಟುಕೊಳ್ಳಲಿ.

ರಾತ್ರಿ ಮಲಗುವ ಮುಂಚೆ ಎರಡು ನಿಮಿಷ ಹಲ್ಲುಜ್ಜುವುದು ಬೆಳಗ್ಗೆಗಿಂತ ಮುಖ್ಯ. ಬ್ರಷ್ ಮೆತ್ತಗಿರಲಿ. ಹಲ್ಲಿನ ಸಂದಿಗೆ ಬ್ರಷ್ ಹೋಗುವುದಿಲ್ಲ, ಅಲ್ಲಿಗೆ ಫ್ಲಾಸ್ ದಾರ ಬೇಕು. ಗುಂಡುಪಿನ್ನು, ಬೆಂಕಿಕಡ್ಡಿ ಬೇಡವೇ ಬೇಡ. ಇದ್ದಿಲು ಪುಡಿ ಹಲ್ಲಿನ ಮೇಲ್ಪದರವನ್ನು ಸವೆಸುತ್ತದೆ. ಏಲಕ್ಕಿ, ಲವಂಗ, ಸೋಂಪು ಅರ್ಧ ಗಂಟೆ ಘಮ ಕೊಡುತ್ತವೆ, ಅಷ್ಟೇ. ಕ್ಲೋರ್‌ಹೆಕ್ಸಿಡಿನ್ ಇರುವ ಮೌತ್‌ವಾಶ್ ಅನ್ನು ಡಾಕ್ಟರ್ ಹೇಳಿದಷ್ಟು ದಿನ ಮಾತ್ರ ಬಳಸಿ, ಜಾಸ್ತಿ ದಿನ ಬಳಸಿದರೆ ಹಲ್ಲು ಕಂದು ಬಣ್ಣಕ್ಕೆ ತಿರುಗುತ್ತದೆ.

ಎಲೆ ಅಡಿಕೆಯ ಬಗ್ಗೆ ನಿಮಗೆ ಹಿಡಿಸುವಂತೆ ಬರೆಯಲು ನನಗೆ ಮನಸ್ಸಿಲ್ಲ. ಅಡಿಕೆ ಬೆಳೆಯುವ ಸೀಮೆಯವರು ನೀವು, ನೊಂದುಕೊಳ್ಳಬೇಡಿ. ತಂಬಾಕು ಇರಲಿ ಇಲ್ಲದಿರಲಿ, ಅಡಿಕೆ ಅಗಿಯುವುದೇ ಕ್ಯಾನ್ಸರ್ ತರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಹೇಳಿದೆ. ಮದುವೆ ಮನೆಯಲ್ಲಿ ಒಂದು ವೀಳ್ಯ ಬೇರೆ, ದಿನಾ ಎರಡು ಹೊತ್ತು ಅಗಿಯುವುದು ಬೇರೆ. ಬಾಯಲ್ಲಿ ಬಿಳಿ ಮಚ್ಚೆ, ವಾಸಿಯಾಗದ ಹುಣ್ಣು, ಬಾಯಿ ಪೂರ್ತಿ ತೆರೆಯಲು ಆಗದಿರುವುದು, ಇದ್ದರೆ ತಕ್ಷಣ ತೋರಿಸಿ.

ಸಕ್ಕರೆ ಕಾಯಿಲೆಯ ಪರೀಕ್ಷೆಯನ್ನೂ ಮಾಡಿಸಿ. ಸಕ್ಕರೆ ಜಾಸ್ತಿ ಇದ್ದರೆ ಒಸಡು ಬೇಗ ಕೆಡುತ್ತದೆ, ಒಸಡು ಕೆಟ್ಟರೆ ಸಕ್ಕರೆ ಹತೋಟಿಗೆ ಬರುವುದು ಕಷ್ಟ. ಹಲ್ಲಿನ ಡಾಕ್ಟರ್ ಎಲ್ಲ ಸರಿಯಿದೆ ಅಂದರೂ ವಾಸನೆ ಹೋಗದಿದ್ದರೆ ಕಿವಿ ಮೂಗು ಗಂಟಲು ವೈದ್ಯರನ್ನು ಕಾಣಿ. ಸೈನಸ್ ಸೋಂಕಿನಿಂದ, ಟಾನ್ಸಿಲ್ ಗುಳಿಗಳಲ್ಲಿ ಕೂರುವ ಬಿಳಿ ಹರಳುಗಳಿಂದಲೂ ವಾಸನೆ ಬರುತ್ತದೆ.

ಹೇಗೆ ಹೇಳಲಿ ಅಂದಿರಿ. ನೇರವಾಗಿ ಹೇಳಿ, ಮಗಳ ಎದುರಲ್ಲಿ ಬೇಡ. ತನ್ನ ಬಾಯಿಯ ವಾಸನೆ ತನ್ನ ಮೂಗಿಗೆ ಒಗ್ಗಿಹೋಗಿರುತ್ತದೆ, ಅವರಿಗೆ ನಿಜಕ್ಕೂ ಗೊತ್ತಿರಲಿಕ್ಕಿಲ್ಲ. "ನಿಮ್ಮ ಒಸಡಲ್ಲಿ ರಕ್ತ ಬರ್ತಿದೆಯಲ್ರೀ, ವಾಸನೆಯೂ ಅದರಿಂದಲೇ ಅಂತೆ, ಭಾನುವಾರದೊಳಗೆ ತೋರಿಸೋಣ" ಅನ್ನಿ. ಜೊತೆಗೆ ನೀವೂ ಹೋಗಿ ಕುರ್ಚಿ ಮೇಲೆ ಕೂರಿ. ನಿಮ್ಮ ಹಲ್ಲಿನ ಬಗ್ಗೆ ಪತ್ರದಲ್ಲಿ ಒಂದು ಮಾತೂ ಇಲ್ಲ.

— ಸಂಪಾದಕ