ಹಾಯಿದೋಣಿಗೆ ಅಪ್ಪ-ಅಮ್ಮ ಬಂದರೆ

ಪ್ರಶ್ನೆ: ಡಿಸೆಂಬರ್‌ನಲ್ಲಿ ಅಪ್ಪ-ಅಮ್ಮ ಒಂದು ವಾರ ಕೆರಿಬಿಯನ್‌ನ ವರ್ಜಿನ್ ದ್ವೀಪಗಳಲ್ಲಿರುವ ನಮ್ಮ ಹಾಯಿದೋಣಿಗೆ ಬರುತ್ತಾರೆ. ಸಿಹಿನೀರಿನ ಟ್ಯಾಂಕ್ 400 ಲೀಟರ್, ಅವರೂ ಸೇರಿ ನಾವು ನಾಲ್ವರು. ಏನು ಎಚ್ಚರ ಬೇಕು?

ಉತ್ತರ: ತಲೆಗೆ ದಿನಕ್ಕೆ 14 ಲೀಟರ್ ಬಂತು, ಸಾಕು, ಆದರೆ ನಲ್ಲಿ ಬಿಟ್ಟುಕೊಂಡು ಪಾತ್ರೆ ತೊಳೆಯುವಂತಿಲ್ಲ. ಮೊದಲು ಸಮುದ್ರದ ನೀರಲ್ಲಿ ಉಜ್ಜಿ, ಕೊನೆಗೊಂದು ಚೊಂಬು ಸಿಹಿನೀರು.

ಕೈಕೊಡುವುದು ಶೌಚಾಲಯ. ಕಾಗದ ಹಾಕಿದರೆ ಜೋಕರ್ ವಾಲ್ವ್‌ನ (ಹೊರಹೋದದ್ದು ಹಿಂದೆ ಬರದಂತೆ ತಡೆಯುವ ಕವಾಟ) ರಬ್ಬರ್ ತುಟಿಗಳ ನಡುವೆ ಸಿಕ್ಕಿಕೊಳ್ಳುತ್ತದೆ. ತುಟಿ ಮುಚ್ಚದೆ ಗಲೀಜು ವಾಪಸ್ ಬರುತ್ತದೆ. ನೀರು ಬಳಸುವ ನಮ್ಮವರಿಗೆ ಕಾಗದ ಹಾಕದಿರುವುದು ಸಲೀಸು. ಪಂಪನ್ನು 15-20 ಸಲ ಒತ್ತಿ, ಲಿವರ್ ‘ಡ್ರೈ’ಗೆ (ಸಮುದ್ರದ ನೀರು ಒಳಬರುವುದನ್ನು ಮುಚ್ಚುವ ಕಡೆಗೆ) ತಿರುಗಿಸಿಡಲು ಹೇಳಿಕೊಡಿ, ಮರೆತರೆ ಬೋಗುಣಿಗೆ ಸಮುದ್ರವೇ ನುಗ್ಗೀತು. ಒಂದು ಜೋಕರ್ ವಾಲ್ವ್ ಹೆಚ್ಚುವರಿಯಾಗಿ ಇಟ್ಟುಕೊಳ್ಳಿ.

ಆ ದಿನಗಳಲ್ಲಿ ಜೋರಾಗಿ ಬೀಸುವ ‘ಕ್ರಿಸ್‌ಮಸ್ ಗಾಳಿ’ 25 ನಾಟ್ (ಗಂಟೆಗೆ ಸುಮಾರು 46 ಕಿ.ಮೀ.) ದಾಟುವುದುಂಟು. ಮೊದಲ ದಿನ ಒಂದು ಗಂಟೆಯ ಪಯಣ ಸಾಕು, ಅದೂ ದ್ವೀಪಗಳ ಮರೆಯಲ್ಲಿರುವ ಡ್ರೇಕ್ ಚಾನೆಲ್ ಎಂಬ ಜಲಸಂಧಿಯ ಒಳಗೇ.