ಹಕ್ಕಿ ಹಾರಿಹೋದ್ಮೇಲೆ ಗೂಡಲ್ಲಿರೋ ಹುಳದ ಗತಿ ಏನು?

ಪ್ರಶ್ನೆ: ಹಕ್ಕಿ ರಕ್ತ ಕುಡಿದು ಬದುಕೋ ಹುಳಗಳು ಗೂಡಲ್ಲಿ ಇರ್ತವಂತೆ. ವಲಸೆ ಹಕ್ಕಿ ಆದ್ರೆ ತಿಂಗಳುಗಟ್ಲೆ ಗೂಡು ಖಾಲಿ ಅಲ್ವಾ ಸರ್, ಅಷ್ಟು ದಿನ ಅವು ಏನ್ ತಿಂತವೆ? ಸಂತಾನ ಹೆಂಗೆ ಮುಂದುವರಿಯುತ್ತೆ?
– ಓದುಗರೊಬ್ಬರು, ಶಿರಸಿ

ಉತ್ತರ: ಏನೂ ತಿನ್ನಲ್ಲ! ಯುರೋಪಲ್ಲಿ ಗೂಡು ಕಟ್ಟೋ ಕಾಮನ್ ಸ್ವಿಫ್ಟ್ ಅನ್ನೋ ಬಾನಾಡಿನೇ ತಗೊಳ್ಳಿ, ಇದು ಅಲ್ಲಿರೋದು ಹೆಚ್ಚುಕಮ್ಮಿ ಮೂರು ತಿಂಗಳು ಅಷ್ಟೇ, ಆಮೇಲೆ ಆಫ್ರಿಕಾ ಕಡೆ ಹೋಗಿಬಿಡುತ್ತೆ. ಇದರ ರಕ್ತ ಕುಡಿಯೋದು ಕ್ರೆಟರೀನಾ ಪ್ಯಾಲಿಡಾ ಅನ್ನೋ ಲೌಸ್ ಫ್ಲೈ. ನೊಣದ ಜಾತಿನೇ, ಆದ್ರೆ ರೆಕ್ಕೆ ಮೋಟು, ಹಾರೋಕಾಗಲ್ಲ, ಚೂಪಾದ ಉಗುರಲ್ಲಿ ಗರಿ ಹಿಡ್ಕೊಂಡು ಏಡಿ ಥರ ಅಡ್ಡಡ್ಡ ಓಡಾಡುತ್ತೆ.

ನಂಗೆ ತುಂಬಾ ಇಷ್ಟ ಆಗೋದು ಇದು ಮರಿ ಮಾಡೋ ರೀತಿ. ಬೇರೆ ನೊಣಗಳ ಹಾಗೆ ರಾಶಿ ಮೊಟ್ಟೆ ಇಡಲ್ಲ, ಒಂದು ಸಲಕ್ಕೆ ಒಂದೇ ಮರಿಹುಳ, ಅದೂ ತಾಯಿ ಹೊಟ್ಟೆಲೇ ಹಾಲಿನಂಥ ದ್ರವ ಕುಡಿದು ಪೂರ್ತಿ ಬೆಳೆದು ಆಮೇಲೆ ಹೊರಗೆ ಬರುತ್ತೆ, ಬಂದ ಸ್ವಲ್ಪ ಹೊತ್ತಿಗೇ ಅದರ ಚರ್ಮ ಗಟ್ಟಿಯಾಗಿ ಕಪ್ಪನೆ ಹೊಳೆಯೋ ಕೋಶ ಆಗಿಬಿಡುತ್ತೆ. ಹಕ್ಕಿಗಳು ಹೋದ್ಮೇಲೆ ದೊಡ್ಡ ಹುಳಗಳು ಸಾಯ್ತವೆ, ಆದ್ರೆ ಈ ಕೋಶಗಳು ಗೂಡಿನ ಕಸದಲ್ಲೇ ಇಡೀ ಚಳಿಗಾಲ ಕಳೀತವೆ. ಬಾನಾಡಿ ವರ್ಷ ವರ್ಷ ಅದೇ ಗೂಡಿಗೆ ಬರೋದ್ರಿಂದ ಹುಳಕ್ಕೆ ಹಕ್ಕಿ ಹುಡುಕ್ಕೊಂಡು ಹೋಗೋ ಕೆಲಸಾನೇ ಇಲ್ಲ, ಅವು ವಾಪಸ್ ಬರೋ ಹೊತ್ತಿಗೆ ಕೋಶ ಒಡೆದು ಹೊರಗೆ ಬಂದ್ರೆ ಸಾಕು. ರೆಕ್ಕೆ ಬೇಡದೇ ಇರೋದೂ ಅದಕ್ಕೇ. ಆಕ್ಸ್‌ಫರ್ಡ್ ಮ್ಯೂಸಿಯಂ ಗೋಪುರದ ಬಾನಾಡಿಗಳಲ್ಲಿ ಇದನ್ನ ಸ್ಟಡಿ ಮಾಡಿದಾಗ ಮರಿಗಳಿಗೆ ದೊಡ್ಡ ಹೊಡೆತ ಏನೂ ಕಂಡಿಲ್ಲ.

ಗರಿಹೇನಿನ ಕಥೆ ಬೇರೆ. ಅದು ಹುಟ್ಟೋದೂ ಸಾಯೋದೂ ಹಕ್ಕಿ ಮೈಮೇಲೇ, ಮೊಟ್ಟೆನ ಗರಿಗೇ ಅಂಟಿಸುತ್ತೆ, ಗೂಡಲ್ಲಿ ಅಪ್ಪ ಅಮ್ಮನ ಮೈಯಿಂದ ಮರಿಗಳಿಗೆ ಹತ್ತುತ್ತೆ. ಹಕ್ಕಿ ಸತ್ರೆ ಕೆಲವೇ ದಿನದಲ್ಲಿ ಅದೂ ಸಾಯುತ್ತೆ. ಆದ್ರೆ ನಮ್ಮೂರಿನ ಪಾರಿವಾಳದ ಮೇಲೂ ಇರೋ ಹೇನಿಗೆ ಒಂದು ದಾರಿ ಇದೆ ನೋಡಿ, ಪಾರಿವಾಳದ ಲೌಸ್ ಫ್ಲೈಗೆ ರೆಕ್ಕೆ ಇದೆ, ಅದು ಒಂದು ಪಾರಿವಾಳ ಬಿಟ್ಟು ಇನ್ನೊಂದಕ್ಕೆ ಹಾರುವಾಗ ರೆಕ್ಕೆಗರಿಯ ಹೇನು ಅದರ ಕಾಲು ಹಿಡ್ಕೊಂಡು ಜೊತೆಗೇ ಹೋಗಿಬಿಡುತ್ತೆ!